ನಡೆಯುವ ಕಾಲು, ಹಿಡಿಯುವ ಕೈ

ತುಂಬಿದ ಕೊಡ ಹಿಡಿದುಕೊಂಡು, ಭುಜದಿಂದ ಬಾಗಿಲು ತಳ್ಳಿ, ಹೊಸ್ತಿಲು ದಾಟುವುದು ನಮಗೊಂದು ಕೆಲಸ ಅಂತಲೇ ಅನ್ನಿಸುವುದಿಲ್ಲ. ಇಷ್ಟನ್ನು ಯಂತ್ರಕ್ಕೆ ಕಲಿಸಲು ವಿಶ್ವವಿದ್ಯಾಲಯಗಳು ಅರ್ಧ ಶತಮಾನ ಹೆಣಗಿವೆ.

1973. ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯ. ಪ್ರೊಫೆಸರ್ ಇಚಿರೊ ಕಾಟೊ ಮತ್ತು ಸಂಗಡಿಗರು ವಾಬಾಟ್-1 ಎಂಬ ಆಳೆತ್ತರದ ರೋಬೋ ಕಟ್ಟಿ ನಿಲ್ಲಿಸಿದರು. ಎರಡು ಕಾಲು, ಎರಡು ಕೈ, ದೂರ ಅಳೆಯುವ ಕಣ್ಣು, ಜಪಾನಿ ಮಾತಿಗೆ ಉತ್ತರಿಸುವ ಬಾಯಿ. ಮುಟ್ಟಿದ್ದು ತಿಳಿಯಲಿ ಅಂತ ಕೈಗಳಿಗೆ ಸಂವೇದಕಗಳು. ಒಂದು ಪಾದದ ಮೇಲೆ ಭಾರವೆಲ್ಲ ಭದ್ರವಾದ ಮೇಲೇ ಇನ್ನೊಂದನ್ನು ಎತ್ತುತ್ತಿತ್ತು. ನಡಿಗೆ ಬಹಳ ನಿಧಾನ. ಆದರೆ ಸಾಮಾನು ಹಿಡಿದು ಸಾಗಿಸುತ್ತಿತ್ತು! ಅದರ ಬುದ್ಧಿ ಒಂದೂವರೆ ವರ್ಷದ ಮಗುವಿನಷ್ಟು ಎಂದು ಅಂದಾಜು ಮಾಡಿದ್ದರು. ನನಗಂತೂ ಅದು ಬಹು ದೊಡ್ಡ ಮಾತು. ಆ ವಯಸ್ಸಿನ ಮಗು ಮಾಡುವುದೇನು? ಕಂಡದ್ದನ್ನೆಲ್ಲ ಎತ್ತಿಕೊಂಡು ಮನೆ ತುಂಬ ಓಡಾಡುತ್ತದೆ. ನಡೆಯುವುದೂ ಹಿಡಿಯುವುದೂ ಒಂದೇ ಮೈಯ ಕೆಲಸ. ಕಾಟೊ ಅದನ್ನು ಅಷ್ಟು ಮೊದಲೇ ಕಂಡಿದ್ದರು.

ಆ ಎಳೆ ಮುಂದುವರಿಯಲಿಲ್ಲವಲ್ಲ ಎನ್ನುವುದೇ ನನ್ನ ಕೊರಗು. 1984ರ ವಾಬಾಟ್-2 ಸ್ವರಲಿಪಿ ಓದಿ ಆರ್ಗನ್ ನುಡಿಸಿತು. ಬೆರಳು ಕೀಲಿಗಳ ಮೇಲೆ, ಪಾದ ಪೆಡಲಿನ ಮೇಲೆ. ಅದ್ಭುತವೇ, ಆದರೆ ನಡೆಯುವುದನ್ನು ಬಿಟ್ಟು ಕೂತುಬಿಟ್ಟಿತು. ಕಾರ್ಖಾನೆಯ ರೋಬೋ ಕೈಗಳನ್ನಂತೂ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಅತ್ತ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, 1980ರ ದಶಕದ ಮೊದಲಲ್ಲಿ, ಮಾರ್ಕ್ ರೈಬರ್ಟ್ ಒಂಟಿ ಕಾಲಿನ ಯಂತ್ರವೊಂದು ಕುಪ್ಪಳಿಸುವಂತೆ ಮಾಡಿದರು. ನಿಂತರೆ ಬೀಳುತ್ತದೆ, ಕುಪ್ಪಳಿಸುತ್ತಲೇ ಇದ್ದರೆ ಬೀಳುವುದಿಲ್ಲ. ಮುಂದಿನ ಹೆಜ್ಜೆ ಎಲ್ಲಿ ಊರಬೇಕೆಂಬ ಲೆಕ್ಕದಲ್ಲೇ ಸಮತೋಲನ. ಇಂದು ಓಡುವ ರೋಬೋಗಳು ಆ ಪಾಠಕ್ಕೆ ಋಣಿ. ಆ ಒಂಟಿ ಕಾಲಿನ ಯಂತ್ರಕ್ಕೆ ಕೈ ಮಾತ್ರ ಇರಲಿಲ್ಲ.

ಕೈಕಾಲುಗಳನ್ನು ಮತ್ತೆ ಕೂಡಿಸುವ ತುರ್ತು ಹುಟ್ಟಿದ್ದು ದುರಂತದಿಂದ. 2011ರಲ್ಲಿ ಅಪಘಾತಕ್ಕೀಡಾದ ಜಪಾನಿನ ಫುಕುಶಿಮಾ ಅಣುಸ್ಥಾವರದ ಕೆಲವು ಭಾಗಗಳಲ್ಲಿ ಮನುಷ್ಯರು ಕಾಲಿಡುವಂತಿರಲಿಲ್ಲ. ಬಾಗಿಲು ತೆರೆದು ವಾಲ್ವ್ ತಿರುಗಿಸಬಲ್ಲ ಯಂತ್ರ ಬೇಕೆಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಸ್ಪರ್ಧೆ ಏರ್ಪಡಿಸಿತು. 2015ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಅಂತಿಮ ಸುತ್ತು. ಬಾಗಿಲ ಹತ್ತಿರವೇ ಕೆಲವು ರೋಬೋಗಳು ಉರುಳಿದವು. ಕೈ ಬಾಗಿಲನ್ನು ತಳ್ಳಿದಾಗ ಬಾಗಿಲೂ ಮೈಯನ್ನು ಹಿಂದಕ್ಕೆ ನೂಕುತ್ತದೆ. ಆ ಸುದ್ದಿ ಪಾದಕ್ಕೆ ಮುಟ್ಟದಿದ್ದರೆ ಬೀಳಲೇಬೇಕು. ಕಾರ್ನೆಗಿ ಮೆಲನ್‌ನ ಚಿಂಪ್ ಬಿದ್ದು, ಯಾರೂ ಮುಟ್ಟದೆ ತಾನೇ ಎದ್ದಿತು! ಗೆದ್ದದ್ದು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಹ್ಯೂಬೊ. ಎಡವುವ ಭಯವಿರದಂತೆ ಮಂಡಿಯೂರಿ ಚಕ್ರಗಳ ಮೇಲೆ ಉರುಳುತ್ತ, ಎಂಟು ಕೆಲಸಗಳನ್ನು 45 ನಿಮಿಷದೊಳಗೆ ಮುಗಿಸಿತು.

ಆಮೇಲಿನ ಕೆಲಸ ಬೇಗಬೇಗ ಸಾಗಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ತಮ್ಮ ನಾಲ್ಕು ಕಾಲಿನ ಎನಿಮಲ್ ರೋಬೋದ ಬೆನ್ನ ಮೇಲೆ ಕೈ ಕೂರಿಸಿ, ಕೈಯ ಬಲವನ್ನೂ ಪಾದಗಳ ಬಲವನ್ನೂ ಒಟ್ಟಿಗೇ ಲೆಕ್ಕ ಹಾಕಿಸಿದರು. 2025ರಲ್ಲಿ ಅಲ್ಲಿನ ರೋಬೋ ಮನುಷ್ಯರ ಜೊತೆ ಬ್ಯಾಡ್ಮಿಂಟನ್ ಆಡಿತು! ಷಟಲ್ ಆಡುವವರಿಗೆ ಗೊತ್ತು, ಹೊಡೆತ ತೀರ್ಮಾನವಾಗುವುದು ಕಾಲಿನಲ್ಲೇ. ಈ ರೋಬೋ ಷಟಲ್ ಕಾಕ್ ಕ್ಯಾಮೆರಾದಿಂದ ತಪ್ಪದಿರಲೆಂದು ಮೈ ಬಾಗಿಸಿ ನೋಡುವುದನ್ನೂ ಕಲಿತಿದೆ. ಕಾಟೊ 1994ರಲ್ಲೇ ತೀರಿಕೊಂಡರು. ಈ ಆಟವನ್ನು ಮೊದಲು ತೋರಿಸಬೇಕಾಗಿದ್ದುದು ಅವರಿಗೆ.