ಟೆಂಪರೇಚರ್ ಸೂಜಿ ನಡುವೆ ಇದ್ರೂ ಪಿಸ್ಟನ್ ಹೋಗುತ್ತೆ: ಟರ್ಬೊ ಕಾರು ರೀಮ್ಯಾಪ್ ಮಾಡಿಸೋ ಮುಂಚೆ

ಹೋದ ಎಪಿಸೋಡ್ ಆದ್ಮೇಲೆ ಅತಿ ಹೆಚ್ಚು ಬಂದಿರೋ ಮೆಸೇಜ್ ಒಂದೇ: "ಬ್ರೋ, ಸ್ಟೇಜ್ 1 ಹಾಕಿಸ್ಬಹುದಾ? ಇಂಜಿನ್‌ಗೆ ಏನೂ ಆಗಲ್ಲ ಅಲ್ವಾ?"

ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ. ಸ್ಟೇಜ್ 1 ಅಂದ್ರೆ ಒಂದು ಬೋಲ್ಟೂ ಬಿಚ್ಚದೆ ಇಸಿಯು ಸಾಫ್ಟ್‌ವೇರ್ ಮಾತ್ರ ಬದಲಿಸಿ ಟರ್ಬೊ ಒತ್ತಡ ಏರಿಸೋದು. ಪೋಲೋ ಜಿಟಿಯ 1.0 ಟಿಎಸ್‌ಐ ಇಂಜಿನ್ ತಗೊಳ್ಳಿ, ಕಂಪನಿಯಿಂದ ಬರ್ತಿದ್ದದ್ದು 110 ಪಿಎಸ್. ಲ್ಯಾಪ್‌ಟಾಪ್ ಹಚ್ಚಿ ಅದನ್ನ ಏರಿಸಿ ಕೊಡ್ತಾರೆ. ಪವರ್ ಬರುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಪಿಸ್ಟನ್ ಅದೇ, ರಿಂಗ್ ಅದೇ, ಇಂಟರ್‌ಕೂಲರ್ ಅದೇ.

"ನನ್ನ ಸೂಜಿ 90 ಬಿಟ್ಟು ಅಲ್ಲಾಡಲ್ಲ, ಹಾಗಾಗಿ ಸೇಫ್" ಅನ್ನೋರು ಬಹಳ ಜನ. ಮೊದಲನೇದು, ಸಣ್ಣಪುಟ್ಟ ಏರಿಳಿತಕ್ಕೆ ಡ್ರೈವರ್ ಗಾಬರಿ ಆಗಬಾರದು ಅಂತ ಎಷ್ಟೋ ಕಾರುಗಳಲ್ಲಿ ಆ ಸೂಜಿಯನ್ನ ಬೇಕಂತಲೇ ನಡುವೆ ನಿಲ್ಲಿಸಿರ್ತಾರೆ. ಎರಡನೇದು, ಅದು ಹೇಳೋದು ಕೂಲೆಂಟ್ ಬಿಸಿಯನ್ನ. ಪಿಸ್ಟನ್ ತಲೆ ಮೇಲೆ ಏನಾಗ್ತಿದೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ. ಸಿಲಿಂಡರ್ ಒಳಗೆ ಉರಿಯೋ ಗ್ಯಾಸ್ 2000 ಡಿಗ್ರಿ ದಾಟುತ್ತೆ. ಹಾಗಿದ್ರೂ ಅಲ್ಯೂಮಿನಿಯಂ ಪಿಸ್ಟನ್ ಉಳಿಯೋದು ಹೇಗೆ? ಕಾದ ದೋಸೆ ಹೆಂಚಿನ ಮೇಲೆ ನೀರು ಚಿಮುಕಿಸಿದಾಗ ಹನಿ ತಕ್ಷಣ ಆವಿಯಾಗದೆ ಕುಣಿಯೋದನ್ನ ನೋಡಿದ್ದೀರಲ್ಲ? ಹನಿಯ ಕೆಳಗಿರೋ ಆವಿಯ ತೆಳು ಪದರ ಅದನ್ನ ಕಾಯುತ್ತೆ. ಪಿಸ್ಟನ್ ಮೇಲೂ ಹೀಗೇ ತಣ್ಣನೆಯ ಗ್ಯಾಸ್‌ನ ತೆಳು ಪದರ ಇರುತ್ತೆ. ಅದನ್ನ ದಾಟಿ ಬಂದ ಬಿಸಿ ರಿಂಗ್ ಮೂಲಕ ಗೋಡೆಗೆ, ಕೆಳಗಿಂದ ಆಯಿಲ್‌ಗೆ ಹೋಗುತ್ತೆ.

ನಾಕಿಂಗ್ ಆದಾಗ ಕಿತ್ತುಹೋಗೋದು ಈ ಪದರವೇ. ಸ್ಪಾರ್ಕ್‌ನಿಂದ ಹೊತ್ತಿದ ಜ್ವಾಲೆ ತಲುಪೋ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗೇ ಸಿಡಿಯುತ್ತೆ. ಆ ಒತ್ತಡದ ಅಲೆ ಪದರವನ್ನ ಒರೆಸಿಹಾಕುತ್ತೆ, ಬಿಸಿ ನೇರ ಲೋಹಕ್ಕೆ ಬೀಳುತ್ತೆ. ಮೊದಲು ರಿಂಗ್‌ಗಳ ನಡುವಿನ ಅಂಚು ಒಡೆಯಬಹುದು, ಆಮೇಲೆ ಕಂಪ್ರೆಷನ್ ಸೋರಿಕೆ, ಆಯಿಲ್ ಸುಟ್ಟು ನೀಲಿ ಹೊಗೆ. ಇಷ್ಟೆಲ್ಲಾ ಆದರೂ ಸೂಜಿ ಮಾತ್ರ ಆರಾಮಾಗಿ ನಡುವೆ.

ಬಿಸಿ ಶುರುವಾಗೋದು ಗಾಳಿಯಿಂದ. 30 ಡಿಗ್ರಿ ಗಾಳಿಯನ್ನ ಟರ್ಬೊ 1 ಬಾರ್ ಬೂಸ್ಟ್‌ಗೆ ಒತ್ತಿದಾಗ ಅದು ಹೊರಬರೋದು ಸುಮಾರು 120 ಡಿಗ್ರಿಯಲ್ಲಿ. ಇಂಟರ್‌ಕೂಲರ್ ತಣಿಸುತ್ತೆ, ಗಾಳಿ ಬೀಸ್ತಾ ಇದ್ರೆ. ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುವಾಗ ಮುಂದೆ ಲಾರಿ, ಏಸಿ ಆನ್, ಗಾಡಿ ಆಮೆ ವೇಗ. ಅಲ್ಲಿ ಇಂಟರ್‌ಕೂಲರ್ ತಾನೇ ಕಾದಿರುತ್ತೆ.

ಅದೇ ಘಾಟಿಯಲ್ಲಿ ಇನ್ನೊಂದು ಅಪಾಯ ಇದೆ. ಲಾರಿ ಪಕ್ಕಕ್ಕೆ ಸರಿದ ತಕ್ಷಣ ನಾಲ್ಕನೇ ಗೇರ್‌ನಲ್ಲೇ, 1500 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿಯೋದು. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ವೇಗ, ಹೆಚ್ಚು ಲೋಡ್ ಇದ್ದಾಗ ಸ್ಪಾರ್ಕ್‌ಗೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳೋದುಂಟು. ಎಲ್‌ಎಸ್‌ಪಿಐ ಅಂತಾರೆ. ಮಾಮೂಲಿ ನಾಕಿಂಗ್ ಆದರೆ ಇಸಿಯು ಸ್ಪಾರ್ಕ್ ತಡಮಾಡಿ ಸಂಭಾಳಿಸುತ್ತೆ. ಇದರಲ್ಲಿ ಸ್ಪಾರ್ಕ್‌ಗೆ ಪಾತ್ರವೇ ಇಲ್ಲ, ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ: ಎರಡನೇ ಗೇರ್‌ಗೆ ಇಳಿಸಿ, ಆಮೇಲೆ ತುಳೀರಿ. ಆಯಿಲ್ ಡಬ್ಬದ ಮೇಲೆ ಎಪಿಐ ಎಸ್‌ಪಿ ಇದೆಯಾ, ಕಾರು ಕಂಪನಿ ಹೇಳಿದ ಗ್ರೇಡ್ ಹೌದಾ ನೋಡ್ಕೊಳ್ಳಿ. 2020ರಲ್ಲಿ ಬಂದ ಆ ದರ್ಜೆಯಲ್ಲಿ ಎಲ್‌ಎಸ್‌ಪಿಐ ಪರೀಕ್ಷೆಯೂ ಇದೆ.

ಹಾಗಾದ್ರೆ ರೀಮ್ಯಾಪ್ ಬೇಡ್ವಾ? ಬೇಡ ಅಂತಿಲ್ಲ. ಆದರೆ ಟ್ಯೂನರ್ ಹತ್ರ "ಎಷ್ಟು ಬಿಎಚ್‌ಪಿ ಬರುತ್ತೆ" ಅಂತ ಕೇಳೋ ಬದಲು, ನನ್ನ ಕಾರಿನ ಲಾಗ್ ತೋರಿಸಿ ಅನ್ನಿ. ಫುಲ್ ಥ್ರಾಟಲ್‌ನಲ್ಲಿ ಯಾವ ಸಿಲಿಂಡರ್‌ನಲ್ಲಿ ಇಸಿಯು ಎಷ್ಟು ಡಿಗ್ರಿ ಸ್ಪಾರ್ಕ್ ಹಿಂದಕ್ಕೆ ಎಳೀತಿದೆ, ಮಿಶ್ರಣದಲ್ಲಿ ಪೆಟ್ರೋಲ್ ಸಾಕಷ್ಟಿದೆಯಾ, ಗಾಳಿ ಎಷ್ಟು ಬಿಸಿ. ಲಾಗ್ ತೋರಿಸಲ್ಲ, "ನೂರಾರು ಕಾರಿಗೆ ಇದೇ ಫೈಲ್ ಹಾಕಿದ್ದೀನಿ" ಅಂದ್ರೆ, ನಾನಾದ್ರೆ ಎದ್ದು ಬರ್ತೀನಿ. ಇಂಧನದ ವಿಷಯವೂ ಅಷ್ಟೇ. 100 ಆಕ್ಟೇನ್‌ಗೆ ಬರೆದ ಮ್ಯಾಪ್ ಹಾಕಿಸಿ, ಊರಿಗೆ ಹೋಗುವಾಗ ದಾರಿ ಬಂಕ್‌ನಲ್ಲಿ ಸಾದಾ ಪೆಟ್ರೋಲ್ ತುಂಬಿಸಿದ್ರೆ ನಾಕಿಂಗ್‌ಗೆ ನೀವೇ ಆಹ್ವಾನ ಕೊಟ್ಟಂಗೆ.

ಮನೆಯಲ್ಲೇ ಮಾಡಬಹುದಾದದ್ದು: ಒಂದು ಬ್ಲೂಟೂತ್ ಒಬಿಡಿ ಡಾಂಗಲ್ ತಗೊಂಡು ಕೂಲೆಂಟ್ ಮತ್ತು ಇಂಟೇಕ್ ಗಾಳಿಯ ನಿಜವಾದ ಅಂಕಿ ಫೋನಲ್ಲಿ ನೋಡಿ. ಗಾಳಿಯ ಬಿಸಿ ಏರ್ತಾನೇ ಇದ್ರೆ ಕಾಲು ಸಡಿಲಿಸಿ, ಎರಡು ನಿಮಿಷ ನಿಧಾನಕ್ಕೆ ಓಡಿಸಿ. ಕೂಲೆಂಟ್ ನಿಜವಾಗ್ಲೂ ಏರ್ತಿದ್ರೆ ಏಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ. ಬಿಸಿ ಇರುವಾಗ ಕ್ಯಾಪ್ ಮಾತ್ರ ಮುಟ್ಟಬೇಡಿ. ರೀಮ್ಯಾಪ್ ಮಾಡಿಸಿದ್ರೆ ವಾರಂಟಿ ಕೈಬಿಡೋ ಸಾಧ್ಯತೆ ಜಾಸ್ತಿ, ಅಂದ್ರೆ ಪಿಸ್ಟನ್ ಹೋದ್ರೆ ಬಿಲ್ ನಿಮ್ಮ ಹೆಸರಿಗೇ.

ಈಗಾಗಲೇ ಸ್ಟೇಜ್ 1 ಹಾಕಿಸಿದವರು ಇದ್ರೆ ನಿಮ್ಮ ಲಾಗ್‌ನ ಸ್ಕ್ರೀನ್‌ಶಾಟ್ ಕಳಿಸಿ. ಮುಂದಿನ ವಾರ ಎರಡು ಮೂರು ತಗೊಂಡು, ಸಾಲು ಸಾಲಾಗಿ ಓದೋಣ.