ಗುಮ್ಮಟದ ಊರಿನಲ್ಲಿ ಕೂದಲಿನ ಮಾತು

(ಅಷ್ಟೂರಿನಲ್ಲಿ ಯುವಕರ ಮುಂದೆ ಆಡಿದ ಮಾತುಗಳ ಬರಹ ರೂಪ)



ಬೀದರಿನಿಂದ ಬರುವಾಗ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು ಕಾಣುತ್ತಿದ್ದಂತೆ ನನ್ನ ಜೊತೆ ಬೈಕಿನಲ್ಲಿದ್ದ ಗೆಳೆಯ, 'ನೋಡಲ್ಲಿ, ನಿನ್ನ ಬಳಗ ನಿಂತದ' ಎಂದ. ಇಪ್ಪತ್ತೇಳಕ್ಕೇ ನನ್ನ ನೆತ್ತಿ ಬಯಲಾಗಿದೆ. ಕಚೇರಿಯಲ್ಲಿ ನನಗೆ 'ಅಷ್ಟೂರ ಗುಮ್ಮಟ' ಎಂದೇ ಹೆಸರು. ಅಹ್ಮದ್ ಶಾಹ ವಲಿಯ ಗುಮ್ಮಟ ಹೊರಗಿನಿಂದ ಬೋಳಾದರೂ ಒಳಗೆ ಬಂಗಾರ, ಹಿಂಗುಲದ ಬಣ್ಣಗಳಿಂದ ತುಂಬಿದೆ ಎಂದು ನಾನೂ ಮಾತು ತಿರುಗಿಸುತ್ತೇನೆ. ಆದರೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಈ ಮಾತು ನಡೆಯುವುದಿಲ್ಲ.

ಇಲ್ಲಿಗೆ ಕರೆಯಲು ಬಂದ ಹುಡುಗರು ಕೇಳಿದ್ದು ಒಂದೇ ಪ್ರಶ್ನೆ: 'ಅಣ್ಣಾ, ಕೂದಲು ಕಸಿ ಮಾಡಿಸಬೇಕಂದ್ರ ಎಫ್‌ಯುಇ ಚಲೋನೋ, ಎಫ್‌ಯುಟಿ ಚಲೋನೋ?' ಪತ್ರಕರ್ತನಾದ್ದರಿಂದ ಉತ್ತರ ಹುಡುಕಿದೆ. ಬೋಳು ತಲೆಯವನಾದ್ದರಿಂದ ಸ್ವಲ್ಪ ಜಾಸ್ತಿಯೇ ಹುಡುಕಿದೆ. ಹುಡುಕುತ್ತಾ ಹೋದಂತೆ ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕು ಎನ್ನಿಸಿತು. ಯಾವ ವಿಧಾನ ಎನ್ನುವುದಕ್ಕಿಂತ ಮೊದಲು, ಯಾರ ಕೈ ಎಂದು ಕೇಳಬೇಕು.

ಈ ಗುಮ್ಮಟಗಳಲ್ಲಿ ಒಂದರಲ್ಲಿ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹ ಮಲಗಿದ್ದಾನೆ. 1436ರಿಂದ 1458ರವರೆಗೆ ಆಳಿದವನು. ಬೀದರಿನಲ್ಲಿ ಅವನು ದೊಡ್ಡ ಆಸ್ಪತ್ರೆಯೊಂದನ್ನು ಕಟ್ಟಿಸಿದ. ಔಷಧ ಮತ್ತು ಊಟದ ವೆಚ್ಚಕ್ಕೆಂದು ಹಳ್ಳಿಗಳ ಹುಟ್ಟುವಳಿ ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸ್ಲಿಂ ವೈದ್ಯರನ್ನು ನೇಮಿಸಿದ ಎಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ವೈದ್ಯ ಯೋಗ್ಯನೋ ಅಲ್ಲವೋ ಎಂದು ನೋಡುವ ಹೊಣೆ ಆಗ ದೊರೆಯದು. ಈಗ ಬಸ್ ನಿಲ್ದಾಣದ ಗೋಡೆಯಲ್ಲೂ ಮೊಬೈಲಿನ ಪರದೆಯಲ್ಲೂ 'ಒಂದೇ ದಿನದಲ್ಲಿ ಕೂದಲು' ಎಂಬ ಜಾಹೀರಾತು ಇರುತ್ತದೆ. ಆರಿಸುವ ಹೊಣೆಯೆಲ್ಲ ರೋಗಿಯ ಮೇಲೆಯೇ ಬಿದ್ದಿದೆ. ಬೋಳುತನಕ್ಕೆ ರೋಗ ಎಂದು ಹೇಳಬಹುದೋ ಇಲ್ಲವೋ, ಅದು ಬೇರೆ ಮಾತು.

ಕೂದಲಿಗೂ ಕತ್ತಿಗೂ ನಮ್ಮಲ್ಲಿ ಹಳೆಯ ನಂಟು. ಮಗುವಿನ ಜಾವಳವನ್ನು ಖಾನಾಪುರದ ಮೈಲಾರ ಮಲ್ಲಣ್ಣನ ಮುಂದೆಯೋ ಮನೆದೇವರ ಮುಂದೆಯೋ ತೆಗೆಸುತ್ತೇವೆ. ಕ್ಷೌರ ಮಾಡುವವನೇ ಕುರು ಕೊಯ್ಯುತ್ತಿದ್ದ, ಮುಸ್ಲಿಂ ಮನೆಗಳಲ್ಲಿ ಹುಡುಗರ ಖತ್ನಾ ಮಾಡುತ್ತಿದ್ದ. ಇಂಗ್ಲೆಂಡಿನಲ್ಲಿಯೂ ಕ್ಷೌರಿಕರು ಮತ್ತು ಶಸ್ತ್ರವೈದ್ಯರು 1540ರಿಂದ ಒಂದೇ ಸಂಘದಲ್ಲಿದ್ದು, 1745ರಲ್ಲಷ್ಟೇ ಬೇರೆಯಾದರು. ಕೂದಲು ಕಸಿಯ ವ್ಯಾಪಾರದಲ್ಲಿ ಆ ಗೆರೆ ಮತ್ತೆ ಮಸುಕಾಗುತ್ತಿದೆ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ತನಿಖೆ ಮಾಡಿದಾಗ ಆ ಜಾಗಕ್ಕೆ ಇದ್ದದ್ದು ಕೂದಲು ಕತ್ತರಿಸುವ ಅಂಗಡಿಯ ಪರವಾನಗಿ ಎಂದು ತಿಳಿಯಿತು. ನಾಳೆ ವೈದ್ಯನಾಗಬೇಕಿದ್ದ ಹುಡುಗನೇ ಮೋಸಹೋದ ಎಂದ ಮೇಲೆ ನಮ್ಮಂಥವರು ಎಷ್ಟು ಎಚ್ಚರ ವಹಿಸಬೇಕು!

ಈ ಶಸ್ತ್ರಚಿಕಿತ್ಸೆಯ ಮೂಲ ತತ್ವ ಸರಳ. ದೇಹದ ಚರ್ಮವನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಟ್ಟರೆ ಅದು ತನ್ನ ಮೂಲದ ಗುಣವನ್ನೇ ಉಳಿಸಿಕೊಳ್ಳುತ್ತದೆ. ನಮ್ಮ ದೇಶದ ಹಳೆಯ ಶಸ್ತ್ರವೈದ್ಯರ ಕೆಲಸದಲ್ಲಿಯೂ ಇದನ್ನು ಕಾಣಬಹುದು. ಟಿಪ್ಪುವಿನ ವಿರುದ್ಧದ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜೀ ಎಂಬವನು ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಮಾಡಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರ ಸಹಿತ ಈ ಸುದ್ದಿ ಬಂದ ಮೇಲೆ ಯುರೋಪಿನ ವೈದ್ಯರು ಕಣ್ಣರಳಿಸಿದರು. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಹಣೆಯ ಮೇಲಿನ ಕೂದಲಿರುವ ಚರ್ಮವೂ ಬಂದರೆ ಮೂಗಿನ ಮೇಲೆ ಕೂದಲು ಬೆಳೆಯುತ್ತದೆ. ಮೂಗಿಗೆ ಬಂದಿದ್ದೇನೆ, ಇನ್ನು ಬೆಳೆಯಬಾರದು ಎಂದು ಆ ಕೂದಲಿಗೆ ಗೊತ್ತಾಗುವುದಿಲ್ಲ.

1939ರಲ್ಲಿ ಜಪಾನಿನ ಶೋಜಿ ಒಕುಡಾ ಕೂದಲಿರುವ ಚರ್ಮದ ಸಣ್ಣ ಸಣ್ಣ ಬಿಲ್ಲೆಗಳನ್ನು ತೆಗೆದು ಗಾಯದ ಕಲೆಗಳಲ್ಲಿ ನೆಟ್ಟು ಬೆಳೆಸಿದರು. ಯುದ್ಧದ ಗದ್ದಲದಲ್ಲಿ ಆ ಬರಹ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಬೋಳು ತಲೆಗೆ ಇದನ್ನು ಮಾಡಿ, 1959ರಲ್ಲಿ ಪ್ರಕಟಿಸಿದರು. ಗಂಡಸರ ತಲೆಯ ಹಿಂಭಾಗ ಮತ್ತು ಎರಡೂ ಪಕ್ಕದ ಕೂದಲು ಹಾರ್ಮೋನಿನ ಏಟಿಗೆ ಜಗ್ಗುವುದಿಲ್ಲ. ಆ ಕೂದಲನ್ನು ಬುಡ ಸಮೇತ ಕಿತ್ತು ಮುಂದೆ ನೆಟ್ಟರೆ ಅಲ್ಲಿಯೂ ಜಗ್ಗುವುದಿಲ್ಲ. ಇದು ಅವರು ತೋರಿಸಿಕೊಟ್ಟ ಸಂಗತಿ. ಆದರೆ ಆಗಿನ ಬಿಲ್ಲೆಗಳು ದಪ್ಪನಾಗಿದ್ದು, ನೆಟ್ಟ ತಲೆ ಪ್ಲಾಸ್ಟಿಕ್ ಗೊಂಬೆಯ ತಲೆಯಂತೆ ಗುಪ್ಪೆ ಗುಪ್ಪೆಯಾಗಿ ಕಾಣುತ್ತಿತ್ತು.

ಕೂದಲು ಒಂಟಿಯಾಗಿ ಮಾತ್ರವಲ್ಲ, ಎರಡು, ಮೂರು, ನಾಲ್ಕರ ಗೊಂಚಲಾಗಿಯೂ ಹುಟ್ಟುತ್ತದೆ. 1988ರಲ್ಲಿ ಅಮೆರಿಕದ ಬಾಬಿ ಲಿಮ್ಮರ್ ಸೂಕ್ಷ್ಮದರ್ಶಕದ ಕೆಳಗೆ ಆ ಗೊಂಚಲನ್ನೇ ಬಿಡಿಸಿ ನೆಡಲು ಆರಂಭಿಸಿದ ಮೇಲೆ ಕಸಿ ಮಾಡಿದ ತಲೆ ಸಹಜವಾಗಿ ಕಾಣತೊಡಗಿತು. ಒಂದು ಗೊಂಚಲಿಗೆ ಈಗ ಒಂದು ಗ್ರಾಫ್ಟ್ ಎನ್ನುತ್ತಾರೆ. ಇದಕ್ಕೆ ಹಿಂದಲೆಯಿಂದ ಚರ್ಮದ ಉದ್ದನೆಯ ಪಟ್ಟಿ ಕೊಯ್ದು ಹೊಲಿಗೆ ಹಾಕುತ್ತಾರೆ. ಅದು ಎಫ್‌ಯುಟಿ. ಒಂದೊಂದೇ ಗೊಂಚಲನ್ನು ಸುಮಾರು ಒಂದು ಮಿಲಿಮೀಟರ್ ಅಗಲದ ಕೊಳವೆಯಂಥ ಉಪಕರಣದಿಂದ ಕೊರೆದು ತೆಗೆಯುವುದು ಎಫ್‌ಯುಇ. 2002ರಲ್ಲಿ ರಾಸ್‌ಮನ್ ಮತ್ತು ಬರ್ನ್‌ಸ್ಟೈನ್ ಅದರ ಬಗ್ಗೆ ಬರೆದ ನಂತರ ಹರಡಿತು. ಮೊದಲನೆಯದರಲ್ಲಿ ಗೆರೆಯಂಥ ಕಲೆ ಉಳಿಯುತ್ತದೆ, ಕೂದಲು ತೀರ ಗಿಡ್ಡ ಮಾಡಿದರೆ ಕಾಣುತ್ತದೆ. ಎರಡನೆಯದರಲ್ಲಿ ಚುಕ್ಕೆ ಚುಕ್ಕೆ ಕಲೆ. 'ಕಲೆಯೇ ಇಲ್ಲ' ಎಂದು ಬರೆದಿದ್ದರೆ ಅದು ಸುಳ್ಳು, ಕಡಿಮೆ ಕಾಣುತ್ತದೆ ಎನ್ನಬಹುದು. ಡಿಎಚ್‌ಐ, ನೀಲಮಣಿಯ ಬ್ಲೇಡು, ರೋಬೋ ಎಂಬ ಹೆಸರುಗಳು ಬಹುಪಾಲು ಉಪಕರಣದ ಹೆಸರುಗಳೇ. ಒಳ್ಳೆಯ ಕುಂಚ ಕೊಂಡವರೆಲ್ಲ ಚಿತ್ರಕಾರರಾಗುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಮಾತಿದೆ. ಕಸಿಯಿಂದ ಹೊಸ ಕೂದಲು ಹುಟ್ಟುವುದಿಲ್ಲ, ಇದ್ದದ್ದು ಜಾಗ ಬದಲಿಸುತ್ತದೆ ಅಷ್ಟೆ. ಹಿಂದಲೆಯಿಂದ ತೆಗೆದ ಗೊಂಚಲು ಅಲ್ಲಿ ಮತ್ತೆ ಬೆಳೆಯುವುದಿಲ್ಲ. ಜೀವಮಾನದಲ್ಲಿ ತೆಗೆಯಬಹುದಾದದ್ದು ಸಾಮಾನ್ಯವಾಗಿ ಐದಾರು ಸಾವಿರ ಗ್ರಾಫ್ಟುಗಳು, ಕೆಲವರಲ್ಲಿ ಇನ್ನೂ ಕಡಿಮೆ. ಪೂರ್ತಿ ಬೋಳಾಗುವ ತಲೆಗೆ ಅಷ್ಟು ಸಾಲದು. ಅಂದರೆ ಇದು ಬಿತ್ತನೆಗೆಂದು ಕಣಜದಲ್ಲಿ ಎತ್ತಿಟ್ಟ ಕಾಳು. ಎಷ್ಟನ್ನು ಯಾವಾಗ ತೆಗೆಯಬೇಕು ಎಂದು ಲೆಕ್ಕ ಹಾಕುವುದೇ ಶಸ್ತ್ರವೈದ್ಯನ ನಿಜವಾದ ಕೆಲಸ.

ಭಾಲ್ಕಿ ಕಡೆಯ ನನ್ನ ಗೆಳೆಯನೊಬ್ಬನಿದ್ದಾನೆ. ಹೆಸರು ಬೇಡ. ಇಪ್ಪತ್ಮೂರಕ್ಕೆ ಮುಂದಲೆ ಹಿಂದೆ ಸರಿಯಿತು. ಲಗ್ನದ ಮಾತು ನಡೆದಿತ್ತು. ಅಪ್ಪ ತೊಗರಿ ಮಾರಿದ ದುಡ್ಡು ಹಿಡಿದು ದೊಡ್ಡ ಊರಿನ ಕೇಂದ್ರವೊಂದಕ್ಕೆ ಹೋದ. ಕೋಟು ಹಾಕಿದವರೊಬ್ಬರು ಐದು ನಿಮಿಷ ಮಾತಾಡಿದರು. ಮೊದಲ ಭೇಟಿಯಲ್ಲೇ ಮುಂಗಡ ಕಟ್ಟಿಸಿಕೊಂಡರು. ಮಾರನೆಯ ದಿನ ಕೊರೆದದ್ದು, ನೆಟ್ಟದ್ದು ಎಲ್ಲ ಮೂವರು ಹುಡುಗರು. ಹದಿನಾರರ ಹುಡುಗನ ಹಾಗೆ ಹಣೆಯ ಮೇಲೆ ತಗ್ಗಿನಲ್ಲಿ ನೇರ ಗೆರೆ ಎಳೆದು ನಾಲ್ಕು ಸಾವಿರ ಗ್ರಾಫ್ಟು ಅಲ್ಲಿಯೇ ತುಂಬಿದರು. ಲಗ್ನದ ಫೋಟೊ ಚೆನ್ನಾಗಿ ಬಂತು. ಆದರೆ ನೆಟ್ಟ ಕೂದಲಿನ ಹಿಂದಿನ ಸ್ವಂತ ಕೂದಲು ಉದುರುವುದು ನಿಲ್ಲಲಿಲ್ಲ. ಈಗ ಅವನಿಗೆ ಇಪ್ಪತ್ತೊಂಬತ್ತು. ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಬಯಲು, ಕುತ್ತಿಗೆಯ ಮೇಲೆ ನುಸಿ ತಿಂದ ಕಂಬಳಿಯಂಥ ತೇಪೆ. ಬೇರೆ ಶಸ್ತ್ರವೈದ್ಯರ ಹತ್ತಿರ ಹೋದರೆ, 'ತೆಗೆಯಲು ಇನ್ನೇನೂ ಉಳಿದಿಲ್ಲ' ಎಂದರು. ಈಗ ಅವನು ಮನೆಯೊಳಗೂ ಟೋಪಿ ತೆಗೆಯುವುದಿಲ್ಲ. ಅವನಿಗೆ ಮಾಡಿದ್ದು ಎಫ್‌ಯುಇ. ವಿಧಾನದಲ್ಲಿ ತಪ್ಪಿರಲಿಲ್ಲ.

ನೆಡುವ ಕೈಯ ಬಗ್ಗೆ ನಮ್ಮ ಬೀದರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿದರಿ ಕೆಲಸದಲ್ಲಿ ಕಾರಿಗರ ಮೊದಲು ಗೀರು ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾನೆ. ಗೀರಿನ ಆಳ ತಪ್ಪಿದರೆ ತಂತಿ ನಿಲ್ಲುವುದಿಲ್ಲ, ಓರೆಯಾದರೆ ಹೂವು ಹೂವಾಗಿ ಕಾಣುವುದಿಲ್ಲ. ತಲೆಯಲ್ಲಿಯೂ ಹಾಗೆಯೇ. ಕೂದಲು ಯಾವ ದಿಕ್ಕಿಗೆ ಮಲಗುತ್ತದೆ ಎನ್ನುವುದು ಗೀರು ಹಾಕುವ ಹೊತ್ತಿನಲ್ಲೇ ನಿಶ್ಚಯವಾಗುತ್ತದೆ. ಮುಂದಿನ ಅಂಚಿಗೆ ಒಂಟಿ ಕೂದಲಿನ ಗ್ರಾಫ್ಟು, ಹಿಂದೆ ಗೊಂಚಲು, ಅಂಚು ಅಂಕುಡೊಂಕು. ಗ್ರಾಫ್ಟು ಒಣಗಬಾರದು, ಬುಡ ಜಜ್ಜಬಾರದು. ಕೆಟ್ಟುಹೋದ ಬಿದರಿ ಹೂಜಿಯನ್ನಾದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು.

ಸರಿಯಾದ ಕೈ ಹುಡುಕುವುದು ಹೇಗೆ? 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಸೌಂದರ್ಯ ಶಸ್ತ್ರಚಿಕಿತ್ಸೆ ಮತ್ತು ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ, ಚರ್ಮರೋಗದಲ್ಲಿ ಎಂಡಿ ಅಥವಾ ಡಿಎನ್‌ಬಿ ಮಾಡಿದವರಿಗೆ ಓದಿನಲ್ಲಿಯೇ ಇದರ ತರಬೇತಿ ಇರುತ್ತದೆ. ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಸಾಲದು ಎಂದು ಆಯೋಗ ಸ್ಪಷ್ಟವಾಗಿ ಹೇಳಿದೆ. ಸಹಾಯಕರು ಇರಬಹುದು, ಆದರೆ ವೈದ್ಯರ ಕಣ್ಣೆದುರಿಗೆ. ಆದ್ದರಿಂದ ನಾಲ್ಕು ಮಾತು ಕೇಳಲು ಸಂಕೋಚ ಪಡಬೇಡಿ. 'ಡಾಕ್ಟ್ರೇ, ನಿಮ್ಮ ನೋಂದಣಿ ಸಂಖ್ಯೆ ಏನ್ರೀ? ಗೀರು ಹಾಕೋರು ನೀವೇನ್ರೀ? ಇಡೀ ಹೊತ್ತು ಒಳಗ ಇರ್ತೀರೇನ್ರೀ? ನನ್ನ ಹಂಗ ಇರೋರ ತಲಿ ವರ್ಷದ ಮ್ಯಾಲ ಹ್ಯಾಂಗಾಗ್ಯದ, ತೋರಸ್ತೀರೇನ್ರೀ?' ಸಿಟ್ಟಾಗುವವರ ಹತ್ತಿರ ಮತ್ತೆ ಹೋಗಬೇಡಿ. ಕರ್ನಾಟಕದಲ್ಲಿಯಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಕೆಳಗೆ ಅವರ ಕೇಂದ್ರದ ನೋಂದಣಿಯೂ ಆಗಿರಬೇಕು. ಗ್ರಾಫ್ಟಿನ ಲೆಕ್ಕದಲ್ಲಿ ದರ ಹೇಳಿದರೆ ಗ್ರಾಫ್ಟು ಎಂದರೆ ಗೊಂಚಲೋ ಬಿಡಿ ಕೂದಲೋ ಎಂದು ಬರೆಸಿಕೊಳ್ಳಿ. ಒಂದನ್ನು ಎರಡಾಗಿ ಸೀಳಿ ಎಣಿಸುವವರೂ ಇದ್ದಾರೆ.

ಜೀವಕ್ಕೆ ಅಪಾಯ ಎಲ್ಲಿಂದ ಬರುತ್ತದೆ ಎಂದು ಹಲವರಿಗೆ ತಿಳಿದಿಲ್ಲ. ಕಸಿಗೆ ಆರರಿಂದ ಎಂಟು ಗಂಟೆ ಹಿಡಿಯುವುದುಂಟು. ತಲೆಗೆ ಮರಗಟ್ಟುವ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಡುತ್ತಾರೆ. ಆ ಔಷಧಕ್ಕೆ ದೇಹದ ತೂಕದ ಪ್ರಕಾರ ಮಿತಿಯಿದೆ. ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಬಿಪಿ, ಸಕ್ಕರೆ, ಹೃದಯದ ತೊಂದರೆ, ಔಷಧದ ಅಲರ್ಜಿ, ರಕ್ತ ತೆಳು ಮಾಡುವ ಮಾತ್ರೆ ಇವನ್ನೆಲ್ಲ ಮೊದಲೇ ವಿಚಾರಿಸದ ಜಾಗದಲ್ಲಿ ಕುರ್ಚಿಯ ಮೇಲೆ ಕೂರಬೇಡಿ. ಆಮ್ಲಜನಕ ಇದೆಯೇ, ತುರ್ತು ಹೊತ್ತಿನಲ್ಲಿ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಿಕೊಳ್ಳಿ. ಕಾನಪುರದಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರರು, ಒಬ್ಬರು 2024ರಲ್ಲಿ, ಇನ್ನೊಬ್ಬರು 2025ರಲ್ಲಿ, ಮರುದಿನಗಳಲ್ಲೇ ತೀರಿಕೊಂಡರೆಂಬ ದೂರಿನ ಮೇಲೆ ದಂತವೈದ್ಯೆಯೊಬ್ಬರ ವಿರುದ್ಧ ಪೊಲೀಸರು ಪ್ರಕರಣ ದಾಖಲಿಸಿದರು.

ಇನ್ನು, ಉದುರಿದ್ದಕ್ಕೆಲ್ಲ ಕಸಿಯೇ ಮದ್ದಲ್ಲ. ಟೈಫಾಯಿಡು, ಡೆಂಗಿ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಕಂತೆಗಟ್ಟಲೆ ಉದುರಿದರೂ ತಾನಾಗಿ ಮರಳುತ್ತದೆ. ನಾಣ್ಯದಗಲ ಜಾಗ ಒಮ್ಮೆಲೇ ಬೋಳಾದರೆ ಅದು ಬೇರೆ ಕಾಯಿಲೆ. ಹೆಣ್ಣುಮಕ್ಕಳಿಗೆ ಥೈರಾಯ್ಡು, ರಕ್ತಹೀನತೆ ಕಾರಣವಿರಬಹುದು. ವಂಶದಿಂದ ಬಂದ ಬೋಳುತನಕ್ಕೂ ಔಷಧ ಉಂಟು. ಮೊದಲು ರಕ್ತದೊತ್ತಡದ ಮಾತ್ರೆಯಾಗಿದ್ದ ಮಿನಾಕ್ಸಿಡಿಲ್, ಹಚ್ಚುವ ಔಷಧವಾಗಿ 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಫಿನಾಸ್ಟರೈಡ್ ಮಾತ್ರೆ 1997ರಲ್ಲಿ. ಎರಡೂ ನಿಲ್ಲಿಸಿದರೆ ಗುಣ ನಿಲ್ಲುತ್ತದೆ. ಎರಡನೆಯದರಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗುವುದುಂಟು. ಆದ್ದರಿಂದ ಅಂಗಡಿಯಲ್ಲಿ ಕೇಳಿ ನುಂಗುವಂಥದ್ದಲ್ಲ. ಕಸಿ ಮಾಡಿಸಿದವರೂ ಉಳಿದ ಕೂದಲು ಕಾಯಲು ಇವನ್ನು ಬಳಸಬೇಕಾಗಬಹುದು ಎಂಬ ಮಾತನ್ನು ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರುತ್ತದೆ, ಗಾಬರಿಯಾಗಬಾರದು. ಮೂರು ನಾಲ್ಕು ತಿಂಗಳಿಗೆ ಮತ್ತೆ ಚಿಗುರಿ, ಪೂರ್ತಿ ಫಲ ಕಾಣಲು ವರ್ಷ ಬೇಕು. ಆದ್ದರಿಂದ ಬರುವ ತಿಂಗಳ ಲಗ್ನಕ್ಕೆಂದು ಈ ತಿಂಗಳು ಓಡುವುದು ವ್ಯರ್ಥ.

ನೀನೇನು ಮಾಡಿದಿ ಎಂದು ಕೇಳುತ್ತೀರಿ. ನಾನೂ ಒಬ್ಬ ಚರ್ಮವೈದ್ಯರ ಹತ್ತಿರ ಹೋದೆ. ಅವರು ಭೂತಗನ್ನಡಿ ಹಿಡಿದು ತಲೆಯನ್ನೆಲ್ಲ ನೋಡಿ, ಅಪ್ಪನ ತಲೆ ಹೇಗಿದೆ, ಸೋದರಮಾವನದು ಹೇಗಿದೆ ಎಂದು ಕೇಳಿ, 'ನಿನ್ನ ಬೋಳು ಎಲ್ಲಿಗೆ ನಿಲ್ಲತದ ಅಂತ ಇನ್ನೂ ಗೊತ್ತಿಲ್ಲ ತಮ್ಮಾ. ಒಂದು ವರ್ಷ ಔಷಧ ಹಚ್ಚು. ಮೂರು ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಬೆಳಕಿನಾಗ ಫೋಟೊ ತೆಗಿ. ಆಮ್ಯಾಲ ಬಾ' ಎಂದು ಕಳಿಸಿದರು. ದುಡ್ಡು ಸಿಗುವ ಗಿರಾಕಿಯನ್ನು ಹಾಗೆ ಕಳಿಸಿದ್ದರಿಂದಲೇ ಅವರ ಮೇಲೆ ನನಗೆ ನಂಬಿಕೆ ಬಂತು. ಎರಡು ಫೋಟೊ ಆಗಿವೆ. ಮೂರನೆಯದನ್ನು ಮುಂದಿನ ವಾರ ತೆಗೆಯಬೇಕು. ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ತೆಗೆಯುವವಳು ಅವ್ವ. 'ಜಾವಳ ತೆಗಸಿದಾಗ ಹಿಂಗೇ ಕಾಣ್ತಿದ್ದಿ ನೋಡು' ಎಂದು ಪ್ರತಿ ಸಲವೂ ನಗುತ್ತಾಳೆ.