ಧೂಮಕೇತುವಿನ ಭಯವೂ ದರ್ಶನವೂ



ಧೂಮಕೇತುವು ತೋರಿದರೆ ಅರಸನಿಗೆ ಕೇಡು, ನಾಡಿಗೆ ಕ್ಷಾಮವೆಂಬ ಭೀತಿಯು ನಮ್ಮ ಜನರಲ್ಲಿ ಬಹುಕಾಲದಿಂದ ನೆಲೆಗೊಂಡಿರುವುದು ತಮಗೆಲ್ಲರಿಗೂ ವಿದಿತವೇ ಆಗಿದೆ. ಆರನೆಯ ಶತಮಾನದ ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯಲ್ಲಿ ಕೇತುಗಳ ಉದಯಾಸ್ತಗಳು ಗಣಿತಕ್ಕೆ ಸಿಕ್ಕುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿರುವರು. ಅರಿಯದುದನ್ನು ಅರಿಯೆನೆಂದು ಒಪ್ಪುವುದು ಪಂಡಿತನಿಗೆ ಭೂಷಣವೇ ಸರಿ. ಆದರೆ ಅರಿವಿಲ್ಲದೆಡೆಯಲ್ಲಿಯೇ ಅಂಜಿಕೆಯು ಬೇರೂರುವುದು.

1705ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಎಂಬ ವಿದ್ವಾಂಸನು ಒಂದು ಧೂಮಕೇತುವು 1758ರ ಸುಮಾರಿಗೆ ಮರಳುವುದೆಂದು ಗಣಿಸಿ ತಿಳಿಸಿದನು. ಆತನು ಕಾಲವಾದ ಬಳಿಕ, ಆ ವರ್ಷದ ಡಿಸೆಂಬರಿನಲ್ಲಿ, ಅದು ಕಾಣಿಸಿಕೊಂಡಿತು. ಗಣಿತಕ್ಕೆ ಸಿಕ್ಕದಿದ್ದುದು ಸಿಕ್ಕಿತು.

ಆ ವಿದ್ಯೆಯು ಈಗ ಎಷ್ಟು ಬೆಳೆದಿರುವುದೆಂಬುದಕ್ಕೆ 2005ರ ಜುಲೈ 3ರ ಸಂಜೆಯ ಸಂಗತಿಯೊಂದೇ ಸಾಕು. ಅಂದು ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ, ವೈಕೀಕೀ ಎಂಬ ಕಡಲದಂಡೆಯ ಮೇಲೆ, ಸುಮಾರು 10,000 ಜನರು ದೊಡ್ಡದೊಂದು ಚಿತ್ರಪರದೆಯ ಮುಂದೆ ನೆರೆದಿದ್ದರು. ಶಾಂತಿ ಮಾಡಿಸುವುದಕ್ಕಾಗಿ ಬಂದವರಲ್ಲ. ಧೂಮಕೇತುವನ್ನು ಹತ್ತಿರದಿಂದ ನೋಡಬಂದವರು. ಅಮೆರಿಕದವರು ಅದೇ ಜನವರಿ 12ರಂದು ಕಳುಹಿಸಿದ್ದ ‘ಡೀಪ್ ಇಂಪ್ಯಾಕ್ಟ್’ ಎಂಬ ವ್ಯೋಮನೌಕೆಯು ‘ಟೆಂಪೆಲ್ 1’ ಎಂಬ ಧೂಮಕೇತುವನ್ನು ಸಮೀಪಿಸಿದ್ದಿತು. ಅದರಿಂದ ಬೇರ್ಪಟ್ಟ, ಸುಮಾರು 370 ಕಿಲೋಗ್ರಾಂ ತೂಕದ, ಅರ್ಧದಷ್ಟು ತಾಮ್ರದಿಂದಲೇ ಆದ ಕಿರುನೌಕೆಯು ಸೆಕೆಂಡಿಗೆ 10 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಆ ಧೂಮಕೇತುವಿಗೆ ಅಪ್ಪಳಿಸಿತು. ಸ್ಥಳವು ಭೂಮಿಯಿಂದ ಸುಮಾರು 13 ಕೋಟಿ ಕಿಲೋಮೀಟರು ದೂರ. ಬೆಳಕು ಬರುವುದಕ್ಕೇ ಏಳು ನಿಮಿಷಗಳಿಗೂ ಹೆಚ್ಚು ಬೇಕು. ಜನರು ಕಂಡು ಹರ್ಷಿಸಿದ ಆ ಮಿಂಚು ಅದಾಗಲೇ ನಡೆದುಹೋಗಿದ್ದ ಸಂಗತಿ!

ಇನ್ನೊಂದು ಮಾತನ್ನು ತಾವು ಮನದಲ್ಲಿಡಬೇಕು. ಹೊಡೆತದಿಂದಾದ ಕುಳಿಯನ್ನು ಕಾಣಬೇಕೆಂಬುದು ವಿದ್ವಾಂಸರ ಬಯಕೆಯಾಗಿದ್ದಿತು. ಆದರೆ ಹಿಟ್ಟಿನಂತಹ ನುಣುಪಾದ ಧೂಳು ಮೇಲೆದ್ದು ಅದನ್ನು ಮುಚ್ಚಿಬಿಟ್ಟಿತು. ಅವರು ಕಲ್ಪಿಸಿ ಹೇಳಲಿಲ್ಲ, ಕಾದರು. ಆ ಧೂಳನ್ನೇ ಪರೀಕ್ಷಿಸಿ ಅದರಲ್ಲಿ ನೀರ್ಗಲ್ಲಿನ ಕಣಗಳನ್ನು ಗುರುತಿಸಿದರು. ಆರು ವರ್ಷಗಳ ತರುವಾಯ, 2011ರ ಫೆಬ್ರವರಿ 14ರಂದು, ‘ಸ್ಟಾರ್‌ಡಸ್ಟ್’ ಎಂಬ ಮತ್ತೊಂದು ನೌಕೆಯು ಅಲ್ಲಿಗೆ ಸುಳಿದು, ಸುಮಾರು 150 ಮೀಟರು ಅಗಲದ ಆ ಕುಳಿಯ ಚಿತ್ರವನ್ನು ಕಳುಹಿಸಿತು.

ಆದುದರಿಂದ ಬಂಧುಗಳೇ, ಮುಂದೆ ಆಗಸದಲ್ಲಿ ಬಾಲಚುಕ್ಕೆಯು ತೋರಿದ ಇರುಳು ಕದವಿಕ್ಕಿಕೊಳ್ಳಬೇಡಿರಿ. ಮಕ್ಕಳನ್ನು ಅಂಗಳಕ್ಕೆ ಕರೆತನ್ನಿರಿ. ಅವರು ಕೇಳಿದುದಕ್ಕೆ ಬಲ್ಲಷ್ಟನ್ನು ಹೇಳಿರಿ; ಅರಿಯದುದನ್ನು ಅರಿಯೆವೆಂದೇ ಹೇಳಿರಿ. ಅಂಜಿಕೆಯನ್ನು ಮಾತ್ರ ಅವರಿಗೆ ಬಳುವಳಿಯಾಗಿ ಕೊಡಬೇಡಿರೆಂದು ಅರಿಕೆಮಾಡಿ ವಿರಮಿಸುವೆನು.